ಅರಸರ ಸ್ವಾಸ್ತ್ಯವೂ ಅರಸುಕುವರಿಯರೂ

ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳ ಸಂಗತಿಯು ಬರುತ್ತದೆ. ಗಂಡುಸಂತಾನವಿಲ್ಲದೆ ತೀರಿಕೊಂಡ ತಮ್ಮ ತಂದೆಯ ಹೆಸರು ಕುಲದೊಳಗಿಂದ ಅಳಿದುಹೋಗಬಾರದೆಂದೂ, ಆತನ ಸ್ವಾಸ್ತ್ಯದಲ್ಲಿ ತಮಗೆ ಪಾಲು ದೊರೆಯಬೇಕೆಂದೂ ಅವರು ಮೋಶೆಯ ಮುಂದೆಯೂ ಸಮಸ್ತ ಜನರ ಮುಂದೆಯೂ ನಿಂತು ಬಿನ್ನವಿಸಿದರು. ಅವರ ಬಿನ್ನಹವು ನ್ಯಾಯವಾದುದೆಂದು ತೀರ್ಪಾಯಿತು. ನಮ್ಮ ಶಾಲೆಯಲ್ಲಿ ಕಲಿತ ಸೋದರಿಯರೆಲ್ಲರೂ ಸತ್ಯವೇದದ ಪಾಠದಲ್ಲಿ ಇದನ್ನು ಕೇಳಿರುವರು.

ಹೊಲಗದ್ದೆಗಳ ವಿಷಯದಲ್ಲಿ ಎದ್ದ ಇದೇ ಪ್ರಶ್ನೆಯು ಸಿಂಹಾಸನದ ವಿಷಯದಲ್ಲಿ ಎದ್ದರೆ ಏನಾಗುವುದು? ಅರಸನಿಗೆ ಗಂಡುಮಕ್ಕಳು ಹಲವರಿದ್ದರೆ ರಾಜ್ಯವು ಯಾರಿಗೆ ಸಲ್ಲಬೇಕು? ಒಬ್ಬನೂ ಇಲ್ಲದೆ ಮಗಳೊಬ್ಬಳೇ ಇದ್ದರೆ ಗತಿಯೇನು? ಯೂರೋಪು ಖಂಡದ ಉತ್ತರದಲ್ಲಿರುವ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಎಂಬ ಮೂರು ರಾಜ್ಯಗಳು 13 ಮತ್ತು 14ನೆಯ ಶತಮಾನಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ ಬಹಳ ರಕ್ತವನ್ನು ಚೆಲ್ಲಿದವು. ಗಂಡುಮಕ್ಕಳ ನಡುವೆ ಸಮಾಧಾನವನ್ನು ಉಂಟುಮಾಡುವುದಕ್ಕಾಗಿ ಏರ್ಪಟ್ಟ ಡ್ಯೂಕ್ ಪದವಿಯೇ ಕಲಹಕ್ಕೆ ಬೀಜವಾಯಿತು. ಶಾಸನಗಳಲ್ಲಿ ಕಡೆಯ ಸ್ಥಾನವನ್ನು ಪಡೆದಿದ್ದ ಹೆಣ್ಣುಮಕ್ಕಳ ಮೂಲಕವೇ ಸಿಂಹಾಸನವು ಮತ್ತೆ ಮತ್ತೆ ಮುಂದಿನ ಕೈಗೆ ದಾಟಿತು. ಇದು ಹೇಗೆ ನಡೆಯಿತೆಂಬುದನ್ನು ವಾಚಕರಿಗೆ ವಿವರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಡ್ಯೂಕ್ ಎಂದರೇನೆಂಬುದನ್ನು ತಿಳಿಯೋಣ. ಈ ಶಬ್ದವು ಲ್ಯಾಟಿನ್ ಭಾಷೆಯ ‘ದುಕ್ಸ್’ ಎಂಬುದರಿಂದ ಬಂದುದು. ಅದಕ್ಕೆ ನಾಯಕನು, ದಂಡಿನ ಮುಂದಾಳು ಎಂದು ಅರ್ಥ. ಉತ್ತರ ದೇಶಗಳಲ್ಲಿ ಪೂರ್ವದಿಂದಲೂ ಅರಸನ ಕೆಳಗೆ ‘ಯಾರ್ಲ್’ ಎಂಬ ಹಿರಿಯ ಅಧಿಕಾರಿಯು ಇರುತ್ತಿದ್ದನು. 13ನೆಯ ಶತಮಾನದಲ್ಲಿ ಆ ಪದವಿಯ ಸ್ಥಾನಕ್ಕೆ ಡ್ಯೂಕ್ ಎಂಬ ಹೊಸ ಬಿರುದು ಬಂದಿತು. ಸ್ವೀಡನ್ನಿನಲ್ಲಿ ಬಹು ಪ್ರಬಲನಾಗಿದ್ದ ಬಿರ್ಗರ್ ಯಾರ್ಲನು 1266ರಲ್ಲಿ ತೀರಿಕೊಂಡ ಬಳಿಕ ಆ ಹಳೆಯ ಬಿರುದು ಅಲ್ಲಿ ಮರೆಯಾಯಿತು. ಡ್ಯೂಕ್ ಬಿರುದು ಅರಸನ ತಮ್ಮಂದಿರಿಗೂ ಕಿರಿಯ ಮಕ್ಕಳಿಗೂ ಸಲ್ಲತೊಡಗಿತು.

ಬಿರುದು ಬರಿಯ ಹೆಸರಾಗಿರಲಿಲ್ಲ. ಡ್ಯೂಕನಾದವನಿಗೆ ಒಂದು ಸೀಮೆಯು ಸೇರುತ್ತಿತ್ತು. ಅಲ್ಲಿಯ ಕಂದಾಯವು ಅವನದು, ಕೋಟೆಯು ಅವನದು, ಸವಾರರು ಅವನವರು, ನ್ಯಾಯತೀರ್ಮಾನವೂ ಅವನದೇ. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಬರುವ ಮಾಂಡಲಿಕನಂತೆ ಅವನು ಅರಸನಿಗೆ ಅಧೀನನೆನ್ನಿಸಿಕೊಂಡರೂ ತನ್ನ ಸೀಮೆಯೊಳಗೆ ತಾನೇ ಅರಸನಾಗಿದ್ದನು. ಹಿರಿಯವನಿಗೆ ಪಟ್ಟ, ಕಿರಿಯವನಿಗೆ ಸೀಮೆ, ಮನೆಯಲ್ಲಿ ಸಮಾಧಾನ ಎಂಬುದು ತಂದೆಯಾದವನ ಎಣಿಕೆ. ಆದರೆ ಡೆನ್ಮಾರ್ಕ್ ಮತ್ತು ಸ್ವೀಡನ್ ರಾಜ್ಯಗಳಲ್ಲಿ ಹಿರಿಯ ಮಗನಿಗೇ ಪಟ್ಟವು ತಾನಾಗಿ ಸಲ್ಲುವ ನಿಯಮವು ಇರಲಿಲ್ಲ. ರಾಜವಂಶದಲ್ಲಿ ಹುಟ್ಟಿದವರೊಳಗೆ ಒಬ್ಬನನ್ನು ಪ್ರಮುಖರು ಸಭೆಗೂಡಿ ಆರಿಸುತ್ತಿದ್ದರು. ಆದಕಾರಣ ಅಣ್ಣನು ಆರಿಸಲ್ಪಟ್ಟ ಮೇಲೂ ತಮ್ಮನ ಆಸೆಯು ಅಳಿಯುತ್ತಿರಲಿಲ್ಲ. ಆಸೆಯನ್ನು ನಡೆಸಿಕೊಳ್ಳುವುದಕ್ಕೆ ಬೇಕಾದ ಹಣವನ್ನೂ ದಂಡನ್ನೂ ಡ್ಯೂಕ್ ಪದವಿಯೇ ಅವನಿಗೆ ಒದಗಿಸುತ್ತಿತ್ತು.

ಇದರ ಫಲವು ಡೆನ್ಮಾರ್ಕಿನಲ್ಲಿ ಬೇಗನೆ ಕಾಣಿಸಿತು. ಎರಡನೆಯ ವಾಲ್ಡೆಮಾರ್ ಅರಸನು 1241ರಲ್ಲಿ ಮರಣವನ್ನು ಹೊಂದಿದಾಗ ಹಿರಿಯ ಮಗನಾದ ಎರಿಕನು ಅರಸನಾದನು. ತಮ್ಮನಾದ ಆಬೇಲನು ದಕ್ಷಿಣದ ಗಡಿಯಲ್ಲಿರುವ ಶ್ಲೇಸ್ವಿಗ್ ಸೀಮೆಗೆ ಡ್ಯೂಕನಾಗಿದ್ದನು. ಅಣ್ಣತಮ್ಮಂದಿರ ನಡುವೆ ಬಹುಕಾಲ ಯುದ್ಧವು ನಡೆಯಿತು, ಕೊನೆಗೆ ರಾಜಿಯಾಯಿತು. ಆ ಬಳಿಕ 1250ನೆಯ ಆಗಸ್ಟ್ ತಿಂಗಳಿನಲ್ಲಿ ಎರಿಕನು ಶ್ಲೇಸ್ವಿಗ್ ಪಟ್ಟಣದಲ್ಲಿ ತಮ್ಮನ ಅತಿಥಿಯಾಗಿರುವಾಗ ಸೆರೆಹಿಡಿಯಲ್ಪಟ್ಟನು. ದೋಣಿಯಲ್ಲಿ ಒಯ್ಯಲ್ಪಟ್ಟು ಶಿರಚ್ಛೇದನಕ್ಕೆ ಗುರಿಯಾದನು. ತಾನು ನಿರಪರಾಧಿಯೆಂದು ಆಬೇಲನು 24 ಮಂದಿ ಪ್ರಮುಖರೊಡನೆ ಪ್ರಮಾಣಮಾಡಿ ಪಟ್ಟವನ್ನೇರಿದನು. ಜನರಾದರೋ, ಈತನು ಹೆಸರಿನಲ್ಲಿ ಆಬೇಲನು, ಕೃತ್ಯದಲ್ಲಿ ಕಾಯಿನನು ಎಂದು ಆಡಿಕೊಂಡರು. ಎರಡು ವರ್ಷಗಳೊಳಗೆ ಅವನೂ ಯುದ್ಧದಲ್ಲಿ ಮಡಿದನು. ಅವನ ಸಂತತಿಯವರು ಶ್ಲೇಸ್ವಿಗ್ ಸೀಮೆಯನ್ನು ಬಿಡದೆ ಹಿಡಿದುಕೊಂಡರು. ಅದು ಡೆನ್ಮಾರ್ಕಿನ ಅರಸರಿಗೆ ಮುಂದಿನ ಹಲವು ತಲೆಮಾರುಗಳವರೆಗೂ ಮುಳ್ಳಾಗಿ ಉಳಿಯಿತು.

ಸ್ವೀಡನ್ನಿನ ಕಥೆಯು ಇನ್ನೂ ಘೋರವಾದುದು. ಮಾಗ್ನುಸ್ ಅರಸನು ತಾನೇ ಮೊದಲು ಡ್ಯೂಕನಾಗಿದ್ದು, 1275ರಲ್ಲಿ ಅಣ್ಣನನ್ನು ತಳ್ಳಿ ಪಟ್ಟವನ್ನು ಹಿಡಿದಿದ್ದನು. ಆತನು 1290ರಲ್ಲಿ ತೀರಿಕೊಂಡಾಗ ಬಿರ್ಗರ್, ಎರಿಕ್, ವಾಲ್ಡೆಮಾರ್ ಎಂಬ ಮೂವರು ಚಿಕ್ಕ ಮಕ್ಕಳು ಉಳಿದರು. ಹತ್ತು ವರ್ಷದ ಬಿರ್ಗರನು ಅರಸನೆನ್ನಿಸಿಕೊಂಡನು. ಟೊರ್ಗಿಲ್ಸ್ ಎಂಬ ಸಮರ್ಥನಾದ ಮಂತ್ರಿಯು ಅವನ ಹೆಸರಿನಲ್ಲಿ ರಾಜ್ಯವನ್ನು ನಡೆಸಿದನು. ಎರಿಕನಿಗೆ ಸೋಡರ್ಮಾನ್ಲಾಂಡ್ ಸೀಮೆಯೂ ವಾಲ್ಡೆಮಾರನಿಗೆ ಫಿನ್ಲೆಂಡ್ ಸೀಮೆಯೂ ಡ್ಯೂಕ್ ಪದವಿಯೊಡನೆ ದೊರೆತವು. ಮೂವರೂ ದೊಡ್ಡವರಾಗುತ್ತಲೇ ದಾಯಾದಿಮತ್ಸರವು ತಲೆಯೆತ್ತಿತು. 1306ರಲ್ಲಿ ವೃದ್ಧನಾದ ಮಂತ್ರಿಯು ಮರಣದಂಡನೆಗೆ ಒಳಗಾದನು. ಮನೆಗೆ ಕಾವಲಾಗಿದ್ದವನನ್ನು ಹೀಗೆ ಕಳೆದುಕೊಂಡ ಬಿರ್ಗರನು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೋಟೂನಾ ಎಂಬ ತನ್ನ ಬೀಡಿನಲ್ಲಿದ್ದಾಗ ಅತಿಥಿಗಳಾಗಿ ಬಂದ ತಮ್ಮಂದಿರ ಕೈಗೆ ಸೆರೆಸಿಕ್ಕಿ, ನೀಶೋಪಿಂಗ್ ಕೋಟೆಯಲ್ಲಿ ಬಂಧಿಯಾದನು. ಅವನ ಚಿಕ್ಕ ಮಗನನ್ನು ಸೇವಕರು ಡೆನ್ಮಾರ್ಕಿಗೆ ಸಾಗಿಸಿ ಉಳಿಸಿದರು. 1310ರಲ್ಲಿ ಸಂಧಾನವಾಗಿ ರಾಜ್ಯವು ಅಣ್ಣತಮ್ಮಂದಿರ ನಡುವೆ ಪಾಲಾಯಿತು.

ಏಳು ವರ್ಷಗಳು ಕಳೆದವು. ಹಳೆಯ ದ್ವೇಷವು ಮರೆತುಹೋಯಿತೆಂದು ಎಲ್ಲರೂ ಎಣಿಸಿದ್ದರು. 1317ನೆಯ ಡಿಸೆಂಬರ್ ತಿಂಗಳಿನಲ್ಲಿ, ಕ್ರಿಸ್ತಜಯಂತಿಗೆ ಮುಂಚೆ, ಬಿರ್ಗರನು ತಮ್ಮಂದಿರಿಬ್ಬರನ್ನೂ ಅದೇ ನೀಶೋಪಿಂಗ್ ಕೋಟೆಗೆ ಔತಣಕ್ಕಾಗಿ ಕರೆಸಿದನು. ಕೋಟೆಯಲ್ಲಿ ಎಡೆ ಸಾಲದೆಂಬ ನೆವದಿಂದ ಅವರ ಪರಿವಾರದವರಿಗೆ ಊರೊಳಗೆ ಬಿಡಾರವಾಯಿತು. ರಾತ್ರಿ ಊಟವಾಗಿ ಅತಿಥಿಗಳು ಮಲಗಿದ ಮೇಲೆ ಅರಸನ ಆಳುಗಳು ಒಳನುಗ್ಗಿ ಡ್ಯೂಕರಿಬ್ಬರನ್ನೂ ಸಂಕೋಲೆಗಳಿಂದ ಬಿಗಿದರು. ಹೋಟೂನಾದಲ್ಲಿ ನಡೆದುದು ನೆನಪಿದೆಯೋ ಎಂದು ಅಣ್ಣನು ಕೇಳಿದನಂತೆ. 1318ನೆಯ ಜನವರಿ 18ರಂದು ಅವರು ಬರೆಯಿಸಿದ ಮರಣಶಾಸನವು ಇರುವುದರಿಂದ ಅಂದಿನವರೆಗೆ ಅವರು ಬದುಕಿದ್ದರೆಂಬುದು ನಿಶ್ಚಯವು. ಬಳಿಕ ಅವರನ್ನು ಜೀವದಿಂದ ಕಂಡವರಿಲ್ಲ. ಅರಸನು ಸೆರೆಮನೆಯ ಬೀಗದ ಕೈಯನ್ನು ಹೊಳೆಗೆ ಎಸೆದು ಅವರನ್ನು ಹಸಿವಿನಿಂದ ಸಾಯಿಸಿದನೆಂದು ಜನಶ್ರುತಿಯಿದೆ. ಈ ವೃತ್ತಾಂತವನ್ನು ವಿಸ್ತಾರವಾಗಿ ಹೇಳುವ ‘ಎರಿಕನ ಚರಿತೆ’ ಎಂಬ ಸ್ವೀಡಿಷ್ ಪದ್ಯಗ್ರಂಥವು ಡ್ಯೂಕರ ಪಕ್ಷವನ್ನು ಹಿಡಿದುದಾದ್ದರಿಂದ ಅದನ್ನು ವಿವೇಚನೆಯಿಂದ ಓದಬೇಕು.

ಬಿರ್ಗರನಿಗೆ ಈ ಕೃತ್ಯದಿಂದ ಲಾಭವಾಗಲಿಲ್ಲ. ಡ್ಯೂಕರ ಪಕ್ಷದವರು ದಂಗೆಯೆದ್ದರು. ಅರಸನು ದೇಶವನ್ನು ಬಿಟ್ಟು ಓಡಿಹೋದನು ಮತ್ತು 1321ರಲ್ಲಿ ಡೆನ್ಮಾರ್ಕಿನಲ್ಲಿ ಮರಣವನ್ನು ಹೊಂದಿದನು. ತಂದೆಯ ಅಪರಾಧದಲ್ಲಿ ಪಾಲಿಲ್ಲದ ಅವನ ಮಗನು 1320ರಲ್ಲಿ ಸ್ಟಾಕ್ಹೋಮ್ ಪಟ್ಟಣದಲ್ಲಿ ತಲೆಯನ್ನು ಕಳೆದುಕೊಂಡನು. ಮೂವರು ಅಣ್ಣತಮ್ಮಂದಿರಿಗೆ ಸಾಕಾಗಬೇಕೆಂದು ತಂದೆಯು ಬಿಟ್ಟುಹೋಗಿದ್ದ ರಾಜ್ಯದಲ್ಲಿ ಒಬ್ಬನಿಗೂ ನೆಲೆಯಿಲ್ಲದೆ ಹೋಯಿತು. ಆಗ ಸಿಂಹಾಸನವು ಯಾರ ಪಾಲಿಗೆ ಬಂದಿತು? ಮೂರು ವರ್ಷದ ಒಂದು ಶಿಶುವಿನ ಪಾಲಿಗೆ. ಆ ಶಿಶುವಿನ ತಾಯಿಯಿಂದಲೇ ನಮ್ಮ ಕಥೆಯ ಎರಡನೆಯ ಭಾಗವು ಆರಂಭವಾಗುತ್ತದೆ.

ಆ ತಾಯಿಯು ನಾರ್ವೆಯ ಅರಸನಾದ ಐದನೆಯ ಹಾಕೋನನ ಮಗಳು ಇಂಗೆಬೊರ್ಗ್. ನಾರ್ವೆಯಲ್ಲಿ ಪಟ್ಟವು ವಂಶಪಾರಂಪರ್ಯವಾಗಿ ಇಳಿಯುತ್ತಿತ್ತು. ಬಾಧ್ಯರ ಕ್ರಮವು ಶಾಸನದಲ್ಲಿ ಒಂದೊಂದಾಗಿ ಬರೆಯಲ್ಪಟ್ಟಿತ್ತು. ಹಾಕೋನನು ತಾನೂ ಬಾಲ್ಯದಿಂದ ಡ್ಯೂಕನಾಗಿದ್ದು, ಅಣ್ಣನು ತೀರಿಕೊಂಡ ಬಳಿಕ 1299ರಲ್ಲಿ ಪಟ್ಟಕ್ಕೆ ಬಂದವನು. ಆ ಪದವಿಯೊಳಗಿನ ಅಪಾಯವನ್ನು ಅವನು ಚೆನ್ನಾಗಿ ಅರಿತಿದ್ದನೆಂದು ತೋರುತ್ತದೆ. 1308ರಲ್ಲಿ ಅವನು ಹೊರಡಿಸಿದ ಆಜ್ಞೆಯಂತೆ, ಯಾರ್ಲ್ ಪದವಿಯು ಅರಸನ ಮಕ್ಕಳಿಗೂ ಆರ್ಕ್ನಿ ದ್ವೀಪಗಳ ಒಡೆಯನಿಗೂ ಹೊರತು ಬೇರೆ ಯಾರಿಗೂ ಸಲ್ಲಕೂಡದೆಂದು ಗೊತ್ತಾಯಿತು. ಅವನಿಗೆ ಧರ್ಮಪತ್ನಿಯಲ್ಲಿ ಗಂಡುಸಂತಾನವಿರಲಿಲ್ಲ. ಆದಕಾರಣ 1302ರಲ್ಲಿ ಅವನು ಬಾಧ್ಯತೆಯ ಶಾಸನವನ್ನು ತಿದ್ದಿ, ಅರಸನ ಔರಸ ಮಗಳಿಗೂ ಆಕೆಯ ಮಗನಿಗೂ ಕ್ರಮದಲ್ಲಿ ಸ್ಥಾನವನ್ನು ಕೊಟ್ಟನು. ಅದೇ ವರ್ಷ, ಇನ್ನೂ ತೊಟ್ಟಿಲಲ್ಲಿದ್ದ ಇಂಗೆಬೊರ್ಗಳಿಗೂ ಸ್ವೀಡನ್ನಿನ ಡ್ಯೂಕ್ ಎರಿಕನಿಗೂ ನಿಶ್ಚಯವಾಯಿತು. 1312ರಲ್ಲಿ ಓಸ್ಲೋ ನಗರದಲ್ಲಿ ಮದುವೆಯಾಯಿತು. 1316ರಲ್ಲಿ ಮಾಗ್ನುಸ್ ಎಂಬ ಮಗನು ಹುಟ್ಟಿದನು.

ಗಂಡನು ನೀಶೋಪಿಂಗ್ ಸೆರೆಮನೆಯಲ್ಲಿ ಅಳಿದುಹೋದಾಗ ಇಂಗೆಬೊರ್ಗಳಿಗೆ ಹದಿನೇಳು ವರ್ಷ ಪ್ರಾಯ. ಮರುವರ್ಷ, 1319ನೆಯ ಮೇ ತಿಂಗಳಿನಲ್ಲಿ, ತಂದೆಯಾದ ಹಾಕೋನನೂ ತೀರಿಕೊಂಡನು. ತಾಯಿಯ ಮೂಲಕ ನಾರ್ವೆಯು ಮಗುವಿಗೆ ಸ್ವಾಸ್ತ್ಯವಾಗಿ ಬಂದಿತು. ಅದೇ ಜುಲೈ ತಿಂಗಳಿನಲ್ಲಿ ಸ್ವೀಡನ್ನಿನ ಪ್ರಮುಖರು ಉಪ್ಸಾಲದ ಬಳಿಯಲ್ಲಿರುವ ಮೋರಾ ಎಂಬ ಬಯಲಿನಲ್ಲಿ ಕೂಡಿ ಆ ಮಗುವನ್ನೇ ತಮ್ಮ ಅರಸನನ್ನಾಗಿ ಆರಿಸಿದರು. ಹೀಗೆ ಎರಡು ರಾಜ್ಯಗಳ ಕಿರೀಟಗಳು ಒಂದು ಹಸುಳೆಯ ತಲೆಯ ಮೇಲೆ ಕೂಡಿದವು. ಅವೆರಡನ್ನೂ ಕೂಡಿಸಿದ ಗಂಟು ಹದಿನೆಂಟು ವರ್ಷದ ಒಬ್ಬ ವಿಧವೆ.

ಇಂಗೆಬೊರ್ಗಳು ಮಗನ ಹೆಸರಿನಲ್ಲಿ ಅಧಿಕಾರವನ್ನು ನಡೆಸುವುದಕ್ಕೆ ಯತ್ನಿಸಿದಳು. ಆದರೆ ಆಲೋಚನಾಸಭೆಯವರನ್ನು ಕೇಳದೆ, ಕ್ನೂತ್ ಪೋರ್ಸೆ ಎಂಬ ಸಾಹಸಿಯ ಮಾತನ್ನು ನಂಬಿ ನಡೆದುದರಿಂದ, 1322 ಮತ್ತು 1323ನೆಯ ವರ್ಷಗಳಲ್ಲಿ ಎರಡು ದೇಶಗಳ ಪ್ರಮುಖರೂ ಆಕೆಯ ಅಧಿಕಾರವನ್ನು ಕಡಿಮೆಮಾಡಿದರು. ಆಕೆಯಲ್ಲಿ ದೋಷವಿರಲಿಲ್ಲವೆಂದು ನಾವು ಹೇಳಲಾರೆವು. ಆದರೆ ಒಂದು ಮಾತನ್ನು ನೆನೆಯಬೇಕು: ಎಳೆಯ ಪ್ರಾಯದಲ್ಲಿ ಒಮ್ಮೆಗೇ ರಾಜ್ಯಭಾರವು ಬೆನ್ನಿನ ಮೇಲೆ ಬಿದ್ದ ಆಕೆಗೆ ಅದನ್ನು ಹೊರುವ ಅಭ್ಯಾಸವನ್ನು ಕಲಿಸಿದವರಾರು?

ಹೆಣ್ಣಿನ ಮೂಲಕ ಬರುವ ಹಕ್ಕಿನಿಂದ ಯಾವಾಗಲೂ ಸಮಾಧಾನವೇ ಆಗುತ್ತಿತ್ತೆಂದು ವಾಚಕರು ತಿಳಿಯಬಾರದು. ಇಂಗೆಬೊರ್ಗಳಿಗೆ ಯೂಫೆಮಿಯಾ ಎಂಬ ಮಗಳಿದ್ದಳು. 1336ರಲ್ಲಿ ಆಕೆಯನ್ನು ಬಾಲ್ಟಿಕ್ ಸಮುದ್ರದ ದಕ್ಷಿಣದಡದಲ್ಲಿರುವ ಮೆಕ್ಲೆನ್ಬುರ್ಗಿನ ಒಡೆಯನಾದ ಆಲ್ಬರ್ಟನಿಗೆ ಕೊಟ್ಟರು. ಇವನು 1348ರಲ್ಲಿ ಚಕ್ರವರ್ತಿಯಿಂದ ಡ್ಯೂಕ್ ಬಿರುದನ್ನು ಪಡೆದನು. ಹೆಂಡತಿಯ ಅಣ್ಣನಾದ ಮಾಗ್ನುಸ್ ಅರಸನಿಗೂ ಸ್ವೀಡನ್ನಿನ ಪ್ರಮುಖರಿಗೂ ವಿರಸವು ಬೆಳೆದಾಗ, ಆ ಡ್ಯೂಕನು ಯೂಫೆಮಿಯಾಳ ಹಕ್ಕನ್ನು ಮುಂದಿಟ್ಟು, ತನ್ನ ಮಗನಾದ ಕಿರಿಯ ಆಲ್ಬರ್ಟನನ್ನು ಹಡಗುಗಳೊಡನೆ ಸ್ವೀಡನ್ನಿಗೆ ಕಳುಹಿಸಿದನು. 1364ರಲ್ಲಿ ಆ ತರುಣನು ಅಲ್ಲಿ ಅರಸನೆಂದು ಆರಿಸಲ್ಪಟ್ಟನು. ಸೋದರಮಾವನಾದ ಮಾಗ್ನುಸನು ಮರುವರ್ಷ ಸೆರೆಸಿಕ್ಕಿ 1371ರವರೆಗೆ ಬಂಧಿಯಾಗಿದ್ದನು. ಬಿಡುಗಡೆಯಾದ ಮೇಲೆ ನಾರ್ವೆಗೆ ಹೋಗಿ, 1374ರಲ್ಲಿ ಹಡಗು ಒಡೆದು ಸಮುದ್ರದ ಪಾಲಾದನು. ಹೆಣ್ಣು ಕೊಟ್ಟ ಮನೆಯವರು ಬಂಧುಗಳಾಗುವಂತೆಯೇ ಪಾಲುಗಾರರೂ ಆಗಬಲ್ಲರೆಂಬುದಕ್ಕೆ ಇದು ದೃಷ್ಟಾಂತವು.

ಇಷ್ಟರೊಳಗೆ ನಾರ್ವೆಯಲ್ಲಿ ಮಾಗ್ನುಸನ ಮಗನಾದ ಆರನೆಯ ಹಾಕೋನನು ಆಳುತ್ತಿದ್ದನು. 1363ನೆಯ ಏಪ್ರಿಲ್ ತಿಂಗಳಿನಲ್ಲಿ ಕೋಪನ್ಹೇಗನ್ ನಗರದಲ್ಲಿ ಅವನಿಗೂ ಡೆನ್ಮಾರ್ಕಿನ ನಾಲ್ಕನೆಯ ವಾಲ್ಡೆಮಾರನ ಕಿರಿಯ ಮಗಳಾದ ಮಾರ್ಗರೇಟಳಿಗೂ ವಿವಾಹವಾಯಿತು. ಮದುವಣಗಿತ್ತಿಗೆ ಹತ್ತೇ ವರ್ಷ. ಅದೇ ವರ್ಷ ವಾಲ್ಡೆಮಾರನ ಒಬ್ಬನೇ ಮಗನಾದ ಡ್ಯೂಕ್ ಕ್ರಿಸ್ಟೋಫರನು ತೀರಿಕೊಂಡನು. ಹಿರಿಯ ಮಗಳಾದ ಇನ್ನೊಬ್ಬ ಇಂಗೆಬೊರ್ಗಳನ್ನು ಅದೇ ಮೆಕ್ಲೆನ್ಬುರ್ಗಿನ ಡ್ಯೂಕನ ಹಿರಿಯ ಮಗನಿಗೆ ಕೊಟ್ಟಿತ್ತು. ಹೀಗಿರಲಾಗಿ, ಡೆನ್ಮಾರ್ಕ್ ರಾಜ್ಯವು ಅಕ್ಕನ ಮಕ್ಕಳಿಗೋ ತಂಗಿಯ ಮಕ್ಕಳಿಗೋ ಎಂಬ ಪ್ರಶ್ನೆಯು ಆಗಲೇ ಹುಟ್ಟಿತು.

ಬಾಲೆಯಾದ ಮಾರ್ಗರೇಟಳನ್ನು ನಾರ್ವೆಗೆ ಕರೆದೊಯ್ದು, ಓಸ್ಲೋ ಬಳಿಯ ಆಕೆರ್ಷೂಸ್ ಕೋಟೆಯಲ್ಲಿ ಮೆರ್ತಾ ಎಂಬ ಸ್ವೀಡಿಷ್ ಕುಲಸ್ತ್ರೀಯ ವಶಕ್ಕೆ ಒಪ್ಪಿಸಿದರು. ಈ ಮೆರ್ತಾ ಎಂಬವಳು, ಭಕ್ತಿಗೂ ನಿರ್ಭಯವಾದ ಮಾತಿಗೂ ಪ್ರಸಿದ್ಧಳಾಗಿ ವಾಡ್ಸ್ತೇನಾ ಕನ್ಯಾಮಠದ ಸ್ಥಾಪನೆಗೆ ಕಾರಣಳಾದ ಬಿರ್ಗಿತ್ತಾ ಎಂಬ ಸಾಧ್ವಿಯ ಮಗಳು. ಮೆರ್ತಾಳು ತನ್ನ ಮಗಳಾದ ಇಂಗೆಯೆರ್ಡಳನ್ನೂ ಎಳೆಯ ರಾಣಿಯನ್ನೂ ಒಂದೇ ಮನೆಯಲ್ಲಿ, ಒಂದೇ ಶಿಸ್ತಿನಲ್ಲಿ ಬೆಳೆಸಿದಳು. ತಪ್ಪು ಮಾಡಿದರೆ ಬೆತ್ತದ ರುಚಿಯೂ ಇಬ್ಬರಿಗೂ ಸಮವಾಗಿಯೇ ಸಿಕ್ಕುತ್ತಿತ್ತೆಂದು ಹೇಳುತ್ತಾರೆ. ಇಂಗೆಯೆರ್ಡಳು ಮುಂದೆ ವಾಡ್ಸ್ತೇನಾ ಮಠದ ಅಧಿಕಾರಿಣಿಯಾದಳು. ಮಾರ್ಗರೇಟಳು ಏನಾದಳೆಂಬುದನ್ನು ಈಗ ನೋಡುವೆವು.

ಅರಮನೆಯ ಬಾಳು ಸುಖದ ಸುಪ್ಪತ್ತಿಗೆಯಾಗಿರಲಿಲ್ಲ. ಗಂಡನು ಯುದ್ಧದಲ್ಲಿದ್ದಾಗ 1370ರಲ್ಲಿ ಆಕೆಯು ಬರೆದ ಒಂದು ಪತ್ರವು ಉಳಿದಿದೆ. ತನಗೂ ತನ್ನ ಸೇವಕರಿಗೂ ಅನ್ನಪಾನಗಳಿಗೆ ಬಹಳ ಕೊರತೆಯಾಗಿದೆಯೆಂದೂ, ವರ್ತಕನೊಬ್ಬನು ತನಗೆ ಇನ್ನೂ ಸಾಲವನ್ನು ಕೊಡುವಂತೆ ಹೇಳಬೇಕೆಂದೂ ಅದರಲ್ಲಿ ಆಕೆಯು ಗಂಡನನ್ನು ಬೇಡಿಕೊಂಡಿದ್ದಾಳೆ. ಮನೆವಾರ್ತೆಯ ಲೆಕ್ಕವನ್ನು ಹೀಗೆ ಕಷ್ಟದಲ್ಲಿ ಕಲಿತವಳು ಮುಂದೆ ಮೂರು ರಾಜ್ಯಗಳ ಬೊಕ್ಕಸಗಳನ್ನು ನೋಡಿಕೊಂಡಳು. ಆ ವರ್ಷದ ಕೊನೆಯಲ್ಲಿ ಆಕೆಗೆ ಓಲಾಫ್ ಎಂಬ ಮಗನು ಹುಟ್ಟಿದನು.

1375ನೆಯ ಅಕ್ಟೋಬರಿನಲ್ಲಿ ವಾಲ್ಡೆಮಾರನು ಮರಣವನ್ನು ಹೊಂದಿದನು. ಅದಕ್ಕೆ ಮುಂಚೆ, 1371ರಲ್ಲಿ, ತನ್ನ ಹಿರಿಯ ಮಗಳ ಮಗನಿಗೆ ಪಟ್ಟವು ಸಲ್ಲಬೇಕೆಂದು ಅವನು ಮೆಕ್ಲೆನ್ಬುರ್ಗಿನವರಿಗೆ ವಚನವನ್ನು ಕೊಟ್ಟಿದ್ದನು. ಚಕ್ರವರ್ತಿಯ ಬೆಂಬಲವೂ ಅವರ ಕಡೆಗಿತ್ತು. ಆದರೆ ಮಾರ್ಗರೇಟಳು ತಡಮಾಡಲಿಲ್ಲ. ಡೆನ್ಮಾರ್ಕಿನ ಪ್ರಮುಖರನ್ನು ಒಬ್ಬೊಬ್ಬರನ್ನಾಗಿ ಒಲಿಸಿಕೊಂಡಳು. ಜರ್ಮನ್ ಡ್ಯೂಕನ ಮೊಮ್ಮಗನಿಗಿಂತ ನಾರ್ವೆಯ ಅರಸನ ಮಗನು ಮೇಲೆಂಬುದು ಅವರಿಗೂ ಸರಿಕಂಡಿತು. 1376ನೆಯ ಮೇ ತಿಂಗಳಿನಲ್ಲಿ ಐದು ವರ್ಷದ ಓಲಾಫನು ಡೆನ್ಮಾರ್ಕಿನ ಅರಸನಾಗಿ ಆರಿಸಲ್ಪಟ್ಟನು. 1380ರಲ್ಲಿ ಹಾಕೋನನು ತೀರಿಕೊಂಡಾಗ ನಾರ್ವೆಯೂ ಬಾಲಕನಿಗೆ ಸೇರಿತು. ತಾಯಿಯು ಎರಡು ರಾಜ್ಯಗಳನ್ನೂ ನಡೆಸಿದಳು.

ಆಗ ಬಂದ ದುಃಖವು ಯಾವ ತಾಯಿಗೂ ಬಾರದಿರಲಿ. 1387ನೆಯ ಆಗಸ್ಟ್ 3ರಂದು ಓಲಾಫನು ಹದಿನಾರನೆಯ ವಯಸ್ಸಿನಲ್ಲಿ ಫಾಲ್ಸ್ಟೆರ್ಬೋ ಎಂಬಲ್ಲಿ ಹಠಾತ್ತಾಗಿ ಮೃತನಾದನು. ತಂದೆಯಿಲ್ಲ, ಗಂಡನಿಲ್ಲ, ಮಗನೂ ಇಲ್ಲ. ಆಕೆಯು ಯಾರ ಹೆಸರಿನಲ್ಲಿ ಆಳುತ್ತಿದ್ದಳೋ ಆ ಹೆಸರುಗಳೆಲ್ಲವೂ ಅಳಿದುವು. ಹಳೆಯ ಕಾಲದ ಎಣಿಕೆಯ ಪ್ರಕಾರ ಇನ್ನು ಆಕೆಯು ಕನ್ಯಾಮಠವನ್ನು ಸೇರಿ ಜಪತಪಗಳಲ್ಲಿ ಕಾಲವನ್ನು ಕಳೆಯಬೇಕಾಗಿತ್ತು. ಆದರೆ ಒಂದೇ ವಾರದೊಳಗೆ, ಆಗಸ್ಟ್ 10ರಂದು, ಲುಂಡ್ ಪಟ್ಟಣದಲ್ಲಿ ಕೂಡಿದ ಸಭೆಯು ಆಕೆಯನ್ನೇ ರಾಜ್ಯದ ಸರ್ವಾಧಿಕಾರವುಳ್ಳ ಒಡತಿಯೂ ಯಜಮಾನನೂ ಪಾಲಕನೂ ಆಗಿ ಆರಿಸಿತು. ಆಕೆಯು ವಾಲ್ಡೆಮಾರನ ಮಗಳೂ ಓಲಾಫನ ತಾಯಿಯೂ ಆಗಿರುವುದನ್ನು ಸಭೆಯು ಕಾರಣವಾಗಿ ಹೇಳಿತು. ಆಕೆಯು ತೋರಿದ ಸದ್ಭಾವವನ್ನೂ ಸೇರಿಸಿತು. ಇಂಥ ಪದವಿಗೆ ಅದುವರೆಗೆ ಹೆಸರೇ ಇರಲಿಲ್ಲವಾದ್ದರಿಂದ ಗಂಡಿಗೆ ಹೇಳುವ ‘ಯಜಮಾನ’ ಎಂಬ ಶಬ್ದವನ್ನೇ ಹೆಣ್ಣಿಗೆ ಕೊಡಬೇಕಾಯಿತು. 1388ರಲ್ಲಿ ನಾರ್ವೆಯವರೂ ಆಕೆಯನ್ನು ಒಪ್ಪಿಕೊಂಡರು.

ಸ್ವೀಡನ್ನಿನಲ್ಲಿ ಯೂಫೆಮಿಯಾಳ ಮಗನಾದ ಆಲ್ಬರ್ಟನು ಪ್ರಮುಖರ ಭೂಮಿಗಳಿಗೆ ಕೈಯಿಕ್ಕಿ ಅವರ ದ್ವೇಷವನ್ನು ಕಟ್ಟಿಕೊಂಡಿದ್ದನು. ಅವರು ಮಾರ್ಗರೇಟಳ ಮೊರೆಹೊಕ್ಕು ಆಕೆಯನ್ನೇ ಒಡತಿಯೆಂದು ಅಂಗೀಕರಿಸಿದರು. ಆಲ್ಬರ್ಟನು ಆಕೆಯನ್ನು ಹಾಸ್ಯಮಾಡಿ, ಸೂಜಿಗಳನ್ನು ಮಸೆದುಕೊಳ್ಳಲೆಂದು ಸಾಣೆಕಲ್ಲನ್ನು ಕಳುಹಿಸಿದನೆಂಬ ಕಥೆಯೊಂದು ಪ್ರಚಾರದಲ್ಲಿದೆ. ಕಥೆಯು ಹೇಗಾದರೂ ಇರಲಿ, 1389ನೆಯ ಫೆಬ್ರವರಿ 24ರಂದು ಓಸ್ಲೆ ಎಂಬ ಸ್ವೀಡಿಷ್ ಗ್ರಾಮದ ಬಳಿ ನಡೆದ ಯುದ್ಧದಲ್ಲಿ ಆಕೆಯ ಸೈನ್ಯವು ಜಯಿಸಿತು. ಆಲ್ಬರ್ಟನೂ ಅವನ ಮಗನೂ ಸೆರೆಸಿಕ್ಕಿದರು. ನೀಶೋಪಿಂಗ್ ಕೋಟೆಯ ದೃಷ್ಟಾಂತವು ಇದ್ದರೂ ಆಕೆಯು ಸೆರೆಯಾಳುಗಳನ್ನು ಕೊಲ್ಲಿಸಲಿಲ್ಲ. ಆರು ವರ್ಷ ಕಾವಲಿನಲ್ಲಿಟ್ಟು, 1395ರಲ್ಲಿ 60,000 ಬೆಳ್ಳಿಯ ಮಾರ್ಕುಗಳ ಒತ್ತೆಹಣವನ್ನು ಗೊತ್ತುಮಾಡಿ ಬಿಟ್ಟಳು. ಹಣಕ್ಕೆ ಜಾಮೀನಾಗಿ ಸ್ಟಾಕ್ಹೋಮ್ ಪಟ್ಟಣವು ಜರ್ಮನ್ ವರ್ತಕನಗರಗಳ ವಶದಲ್ಲಿತ್ತು. ಆಲ್ಬರ್ಟನಿಂದ ಹಣವು ಸಲ್ಲದೆಹೋದುದರಿಂದ 1398ರಲ್ಲಿ ಪಟ್ಟಣವು ಆಕೆಯ ಕೈಸೇರಿತು.

ಆದರೂ ಬಾಧ್ಯತೆಯ ಪ್ರಶ್ನೆಯು ಉಳಿದೇ ಇತ್ತು. ಆಕೆಯು ಆಳಬಹುದು, ಆಕೆಯ ತರುವಾಯ ಯಾರು? ಅಕ್ಕನಾದ ಇಂಗೆಬೊರ್ಗಳ ಮಗಳನ್ನು ಪೊಮೆರೇನಿಯದ ಡ್ಯೂಕನಿಗೆ ಕೊಟ್ಟಿತ್ತು. ಅವರಿಗೆ ಬೊಗಿಸ್ಲಾವ್ ಎಂಬ ಮಗನಿದ್ದನು. ಮಾರ್ಗರೇಟಳು ಈ ಬಾಲಕನನ್ನೂ ಅವನ ಸೋದರಿಯಾದ ಕ್ಯಾಥರೀನಳನ್ನೂ ತರಿಸಿಕೊಂಡು ತನ್ನ ಮಕ್ಕಳಂತೆ ಸಾಕಿದಳು. ಬಾಲಕನಿಗೆ ಎರಿಕ್ ಎಂಬ ಉತ್ತರದೇಶದ ಹೆಸರನ್ನು ಇಟ್ಟಳು. ವಾಲ್ಡೆಮಾರನ ರಕ್ತವು ಅವನಿಗೆ ಬಂದುದು ಎರಡು ತಲೆಮಾರು ಹೆಂಗಸರ ಮೂಲಕ. 1389ರಲ್ಲಿ ನಾರ್ವೆಯವರೂ 1396ರಲ್ಲಿ ಉಳಿದೆರಡು ರಾಜ್ಯಗಳವರೂ ಅವನನ್ನು ಅರಸನೆಂದು ಸ್ವೀಕರಿಸಿದರು. ಆ ವರ್ಷದ ಶರತ್ಕಾಲದಲ್ಲಿ, ಪರಭಾರೆಯಾಗಿದ್ದ ಅರಸೊತ್ತಿಗೆಯ ಭೂಮಿಗಳನ್ನು ಹಿಂದಕ್ಕೆ ಪಡೆಯಬೇಕೆಂಬ ನಿರ್ಣಯವು ನೀಶೋಪಿಂಗಿನಲ್ಲಿಯೇ ಆಯಿತು. ಅಣ್ಣನು ತಮ್ಮಂದಿರನ್ನು ಹಸಿವಿಗೆ ಒಪ್ಪಿಸಿದನೆಂದು ಹೇಳುವ ಊರಿನಲ್ಲಿ, ಸುಮಾರು ಎಂಭತ್ತು ವರ್ಷಗಳ ಮೇಲೆ, ಒಬ್ಬ ಹೆಂಗಸು ಸ್ವೀಡನ್ನಿನ ಮುರಿದ ಬೊಕ್ಕಸವನ್ನು ಸರಿಪಡಿಸಲು ತೊಡಗಿದಳು.

1397ನೆಯ ಜೂನ್ 17ರಂದು ಕಾಲ್ಮಾರ್ ಪಟ್ಟಣದಲ್ಲಿ ಎರಿಕನಿಗೆ ಪಟ್ಟಾಭಿಷೇಕವಾಯಿತು. ಆ ಸಂದರ್ಭದಲ್ಲಿ ಬರೆಯಲ್ಪಟ್ಟ ಪಟ್ಟಾಭಿಷೇಕದ ಪತ್ರಕ್ಕೆ ಮೂರು ರಾಜ್ಯಗಳ ಪ್ರಮುಖರು 67 ಮಂದಿ ಮುದ್ರೆಯೊತ್ತಿದರು. ಜೊತೆಗೆ ಒಡಂಬಡಿಕೆಯ ಪತ್ರವೊಂದು ಸಿದ್ಧವಾಯಿತು. ಅದರ ಒಂದು ನಿಯಮವು ನಮ್ಮ ಲೇಖನಕ್ಕೆ ಮುಖ್ಯವಾದುದು. ಮೂರು ರಾಜ್ಯಗಳಿಗೂ ಇನ್ನು ಮುಂದೆ ಒಬ್ಬನೇ ಅರಸನು. ಅವನಿಗೆ ಹಲವು ಮಂದಿ ಗಂಡುಮಕ್ಕಳಿದ್ದರೂ ಒಬ್ಬನನ್ನೇ ಪಟ್ಟಕ್ಕೆ ಆರಿಸತಕ್ಕದ್ದು. ಉಳಿದ ಸೋದರರಿಗೆ ಬೇರೆ ಒಡೆತನಗಳನ್ನು ಕೊಟ್ಟು ನೋಡಿಕೊಳ್ಳತಕ್ಕದ್ದು. ಹೆಣ್ಣುಮಕ್ಕಳಿದ್ದರೆ ದೇಶದ ಶಾಸನದಂತೆ ನಡೆಯತಕ್ಕದ್ದು ಎಂದು ಅದರಲ್ಲಿ ಹೇಳಿದೆ. ಆಬೇಲನಿಂದ ಬಿರ್ಗರನವರೆಗೆ ನಡೆದ ದಾಯಾದಿಕಲಹಗಳ ಪಾಠವು ಈ ಕೆಲವು ಪಂಕ್ತಿಗಳಲ್ಲಿ ಅಡಕವಾಗಿದೆ.

ಎರಿಕನು ಅರಸನಾದರೂ ಚುಕ್ಕಾಣಿಯು ಮಾರ್ಗರೇಟಳ ಕೈಯಲ್ಲಿಯೇ ಇತ್ತು. 1405ರಲ್ಲಿ ಅವನು ನಾರ್ವೆಗೆ ಪ್ರಯಾಣಮಾಡಿದಾಗ, ಯಾರೊಡನೆ ಹೇಗೆ ಮಾತಾಡಬೇಕು, ಯಾವ ವಿಷಯಕ್ಕೆ ಒಡನೆಯೇ ಉತ್ತರ ಕೊಡದೆ ಮುಂದಕ್ಕೆ ಹಾಕಬೇಕು ಎಂಬುದನ್ನು ಆಕೆಯು ಬರೆದುಕೊಟ್ಟಳು; ಪರವೂರಿಗೆ ಹೋಗುವ ಮಗನಿಗೆ ತಾಯಿಯು ಹೇಳುವ ಬುದ್ಧಿವಾದದಂತೆಯೇ ಅದು ಇದೆ. 1408ರಲ್ಲಿ ಗಾಟ್ಲೆಂಡ್ ದ್ವೀಪವನ್ನು ಕತ್ತಿಯಿಂದಲ್ಲದೆ ಹಣಕೊಟ್ಟು ಬಿಡಿಸಿಕೊಂಡಳು. 1411ರಲ್ಲಿ, ಯುದ್ಧಗಳಲ್ಲಿ ಮಾನಭಂಗಕ್ಕೊಳಗಾದ ಸ್ತ್ರೀಯರ ಸಲುವಾಗಿ ಹಣವನ್ನು ಮೀಸಲಿಟ್ಟಳು. ಅರಸರ ಜಯಾಪಜಯಗಳನ್ನು ಬರೆಯುವವರು ಸಾಮಾನ್ಯವಾಗಿ ಮರೆಯುವ ಜನರನ್ನು ಆಕೆಯು ಮರೆಯಲಿಲ್ಲ. ಆದರೆ ಆಕೆಯು ಹೊರಿಸಿದ ತೆರಿಗೆಗಳೂ ಹೊರಗಿನಿಂದ ಬಂದ ಅಧಿಕಾರಿಗಳೂ ಸ್ವೀಡನ್ನಿನಲ್ಲಿ ಅಸಮಾಧಾನವನ್ನು ಬಿತ್ತಿದುದೂ ನಿಜವೇ.

1412ನೆಯ ಅಕ್ಟೋಬರ್ 28ರಂದು ಶ್ಲೇಸ್ವಿಗ್ ಸೀಮೆಯ ಫ್ಲೆನ್ಸ್ಬುರ್ಗ್ ರೇವಿನಲ್ಲಿ, ಹಡಗಿನ ಮೇಲೆ, ಮಾರ್ಗರೇಟಳು ಮರಣವನ್ನು ಹೊಂದಿದಳು. ಆಬೇಲನ ಕಾಲದ ಆ ಹಳೆಯ ಮುಳ್ಳನ್ನು ಕೀಳುವ ಯತ್ನದಲ್ಲಿಯೇ ಆಕೆಯ ಕೊನೆಯ ವರ್ಷಗಳು ಕಳೆದುವು. ಡೆನ್ಮಾರ್ಕಿನ ರೋಸ್ಕಿಲ್ಡೆ ಮಹಾದೇವಾಲಯದಲ್ಲಿ ಆಕೆಯ ಸಮಾಧಿಯಿದೆ. ಎರಿಕನು ಶ್ಲೇಸ್ವಿಗಿಗಾಗಿ ಬಹುಕಾಲ ಹೋರಾಡಿ ಸೋತನು. 1439ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ನಿನವರು ಅವನನ್ನು ಪದಚ್ಯುತನನ್ನಾಗಿ ಮಾಡಿದರು. ಅವನಿಗೂ ಮಕ್ಕಳಿಲ್ಲದ ಕಾರಣ ಸೋದರಿಯಾದ ಕ್ಯಾಥರೀನಳ ಮಗನಾದ ಕ್ರಿಸ್ಟೋಫರನು ಅರಸನಾದನು. ಇವನೂ 1448ರಲ್ಲಿ ಸಂತಾನವಿಲ್ಲದೆ ತೀರಿಕೊಂಡಾಗ ಡೆನ್ಮಾರ್ಕಿನವರು ಶ್ಲೇಸ್ವಿಗಿನ ಡ್ಯೂಕ್ ಅಡಾಲ್ಫನನ್ನು ಕರೆದರು. ಅವನು ಒಲ್ಲೆನೆಂದು ತನ್ನ ಸೋದರಿಯ ಮಗನಾದ ಓಲ್ಡೆನ್ಬುರ್ಗಿನ ಕ್ರಿಶ್ಚಿಯನನನ್ನು ತೋರಿಸಿಕೊಟ್ಟನು. ಪಟ್ಟವು ಮತ್ತೆ ಒಬ್ಬ ಹೆಣ್ಣುಮಗಳ ಮಗನಿಗೇ ಬಂದಿತು. 1705ರಲ್ಲಿ ಸೀಗೆನ್ಬಾಲ್ಗ್ ಮತ್ತು ಪ್ಲೂಟ್ಷೌ ಎಂಬ ಬೋಧಕರನ್ನು ತರಂಗಂಬಾಡಿಗೆ ಕಳುಹಿಸಿದ ನಾಲ್ಕನೆಯ ಫ್ರೆಡರಿಕ್ ಅರಸನು ಇದೇ ಓಲ್ಡೆನ್ಬುರ್ಗ್ ಮನೆತನದವನೆಂಬುದು ಮಿಷನ್ ಶಾಲೆಯ ವಾಚಕರಿಗೆ ಪ್ರಿಯವಾದ ಸಂಗತಿಯಾಗಬಹುದು.

ಈ ದೇಶಗಳ ಶಾಸನಗಳು ಈ ಪಾಠವನ್ನು ಒಪ್ಪಿಕೊಳ್ಳುವುದಕ್ಕೆ ಬಹಳ ಶತಮಾನಗಳು ಹಿಡಿದವು. ಡೆನ್ಮಾರ್ಕಿನಲ್ಲಿ 1953ರ ಶಾಸನದಿಂದ, ಗಂಡುಮಕ್ಕಳಿಲ್ಲದಿದ್ದರೆ ಅರಸನ ಮಗಳು ಪಟ್ಟಕ್ಕೆ ಬರಬಹುದೆಂದು ಗೊತ್ತಾಯಿತು. ಅದರಂತೆ 1972ರಲ್ಲಿ ಮಾರ್ಗರೇಟ್ ಎಂಬ ರಾಜಕುಮಾರಿಯು ರಾಣಿಯಾಗಿ 2024ರ ಜನವರಿಯವರೆಗೆ ಆಳಿದಳು. ಮೊದಲ ಮಗುವು ಗಂಡಾಗಲಿ ಹೆಣ್ಣಾಗಲಿ ಅದಕ್ಕೇ ಪಟ್ಟವು ಸಲ್ಲಬೇಕೆಂಬ ನಿಯಮವು ಸ್ವೀಡನ್ನಿನಲ್ಲಿ 1980ರಲ್ಲಿಯೂ ನಾರ್ವೆಯಲ್ಲಿ 1990ರಲ್ಲಿಯೂ ಡೆನ್ಮಾರ್ಕಿನಲ್ಲಿ 2009ರಲ್ಲಿಯೂ ಆಯಿತು. 1972ರಲ್ಲಿ ಪಟ್ಟಕ್ಕೆ ಬಂದ ರಾಣಿಯು ತನ್ನನ್ನು ‘ಎರಡನೆಯ ಮಾರ್ಗರೇಟ್’ ಎಂದು ಕರೆದುಕೊಂಡಳು. ಮೊದಲನೆಯವಳು ನಮ್ಮ ಕಥೆಯ ಮಾರ್ಗರೇಟಳೇ. ಜೀವಿಸಿದ್ದಾಗ ಸ್ವಂತ ಹಕ್ಕಿನಿಂದ ರಾಣಿಯೆಂಬ ಹೆಸರನ್ನು ಪಡೆಯದಿದ್ದ ಆಕೆಗೆ, ಸುಮಾರು 560 ವರ್ಷಗಳ ಬಳಿಕ, ಆ ಸ್ಥಾನವು ಎಣಿಕೆಯಲ್ಲಿ ಸಂದಿತು.

ಸೋದರಿಯರೇ, ಮಕ್ಕಳನ್ನು ಈ ಶಾಲೆಗೆ ಕಳುಹಿಸಿದ ತಾಯಿತಂದೆಗಳೇ, ಇಂಗೆಬೊರ್ಗಳನ್ನೂ ಮಾರ್ಗರೇಟಳನ್ನೂ ಒತ್ತಟ್ಟಿಗೆ ಇಟ್ಟು ನೋಡಿರಿ. ಇಬ್ಬರೂ ಅರಸುಕುವರಿಯರು, ಇಬ್ಬರನ್ನೂ ಆಟವಾಡುವ ಪ್ರಾಯದಲ್ಲಿ ಕೊಟ್ಟರು, ಇಬ್ಬರ ಮಕ್ಕಳ ತಲೆಯ ಮೇಲೂ ಎರಡೆರಡು ಕಿರೀಟಗಳು ಕೂಡಿದವು. ಹಕ್ಕು ಇಬ್ಬರಿಗೂ ಸಮವಾಗಿತ್ತು. ಆದರೆ ಒಬ್ಬಳಿಗೆ ಹಕ್ಕು ಬಂದಾಗ ಅದನ್ನು ನಡೆಸುವ ತಿಳಿವಳಿಕೆಯು ಇನ್ನೂ ಬಂದಿರಲಿಲ್ಲ; ಇನ್ನೊಬ್ಬಳಿಗೆ ಮೆರ್ತಾಳ ಶಿಸ್ತೂ ಕೊರತೆಯ ದಿನಗಳೂ ಮೊದಲೇ ಪಾಠವನ್ನು ಕಲಿಸಿದ್ದವು. ಅರಸುಮನೆಯ ಸ್ವಾಸ್ತ್ಯವು ನಮಗೆ ಯಾರಿಗೂ ಬರುವುದಿಲ್ಲ. ಆದರೂ ಮನೆಯ ಭಾರವು, ಊರಿನ ಭಾರವು, ಒಂದಲ್ಲ ಒಂದು ದಿನ ಮುನ್ಸೂಚನೆಯಿಲ್ಲದೆ ಹೆಣ್ಣುಮಕ್ಕಳ ಮೇಲೆ ಬಂದು ಬೀಳುತ್ತದೆಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ಚಲ್ಪಹಾದನ ಮಕ್ಕಳು ಪಾಲನ್ನು ಕೇಳಿ ಪಡೆದರು; ಪಡೆದ ಪಾಲನ್ನು ಕಾಪಾಡಿಕೊಳ್ಳುವ ವಿದ್ಯೆಯನ್ನು ಕಲಿಸುವುದು ಹಿರಿಯರ ಕೆಲಸ. ಆ ಕೆಲಸವನ್ನು ಆಕೆರ್ಷೂಸ್ ಕೋಟೆಯಲ್ಲಿ ಮೆರ್ತಾಳು ಮಾಡಿದಳು. ನಮ್ಮ ನಮ್ಮ ಊರುಗಳಲ್ಲಿ ಶಾಲೆಗಳೂ ಮನೆಗಳೂ ಅದನ್ನು ಮಾಡುತ್ತಿರಲಿ.